ಪ್ರತಿಕ್ರಿಯೆ: ಮಳೆಗಾಲದ ನಂತರ ಸಾಗುವಾನಿ ಕುರ್ಚಿಯ ಕಾಲು ಅಲುಗಾಡುತ್ತಿದೆ

ಒಳಾಂಗಣಕ್ಕೆ ಬಳಸುವ ಬಿಳಿ ಅಂಟು ಹಾಕಿದ್ದೀರೆಂದರೆ ಬಹುಶಃ ಅದೇ ಕಾರಣ. ನೀರು ತಾಗಿದರೆ ಅದು ಮೆತ್ತಗಾಗುತ್ತದೆ. ಹಳೆಯದರ ಮೇಲೆ ಹೊಸ ಅಂಟು ಸುರಿಯಬೇಡಿ, ಹಿಡಿಯುವುದಿಲ್ಲ. ಮೊಳೆಯಂತೂ ಬೇಡವೇ ಬೇಡ, ಮರ ಸೀಳುತ್ತದೆ.

ಕಾಲುಗಳನ್ನು ಜೋಡಿಸುವ ಅಡ್ಡಪಟ್ಟಿಗೆ ಮರದ ತುಂಡು ಆನಿಸಿ ಕೊಡತಿಯಿಂದ ತಟ್ಟಿ, ಪಟ್ಟಿಯನ್ನು ಕಾಲಿನಿಂದ ಬಿಡಿಸಿ. ಬರದಿದ್ದರೆ ಸಂದಿಗೆ ಬಿಸಿ ವಿನೆಗರ್ ಬಿಟ್ಟು ಕಾಯಿರಿ. ಅಂಟನ್ನು ಉಳಿಯಿಂದ ಪೂರ್ತಿ ಕೆರೆದು, ನೆರಳಲ್ಲಿ 3 ದಿನ ಒಣಗಿಸಿ. ಮೊದಲು ಅಂಟು ಹಾಕದೆಯೇ ಜೋಡಿಸಿ ನೋಡಿ: ಸಡಿಲವಿದ್ದರೆ ಪಟ್ಟಿಯ ತುದಿಗೆ ತೆಳು ಮರದ ಸೀಳು ಅಂಟಿಸಿ ಬಿಗಿ ಮಾಡಿ. ಆಮೇಲೆ ಎರಡು ಟ್ಯೂಬಿನ ಎಪಾಕ್ಸಿಯನ್ನು (ಎರಡನ್ನೂ ಬೆರೆಸಿ ಹಚ್ಚುವ, ನೀರಿಗೆ ಜಗ್ಗದ ಅಂಟು) ಕಾಲಿನ ತೂತಿಗೂ ಪಟ್ಟಿಯ ತುದಿಗೂ ಹಚ್ಚಿ, ಜೋಡಿಸಿ, ಕಾಲುಗಳ ಸುತ್ತ ಹಗ್ಗ ಕಟ್ಟಿ, ಹಗ್ಗದ ನಡುವೆ ಕೋಲು ತೂರಿಸಿ ಬಿಗಿಯಾಗುವಂತೆ ತಿರುಚಿ. ಅಂಟು ಗಟ್ಟಿಯಾಗುವ ಮೊದಲೇ ಸಮನೆಲದಲ್ಲಿಟ್ಟು ನಾಲ್ಕೂ ಕಾಲು ತಾಗುತ್ತವೆಯೇ ನೋಡಿ. 24 ಗಂಟೆ ಮುಟ್ಟಬೇಡಿ.

ಮಿಕ್ಕ ಎಪಾಕ್ಸಿಯನ್ನು ಕಾಲುಗಳ ತಳಕ್ಕೆ ಬಳಿಯಿರಿ; ಮರ ನೀರು ಹೀರುವುದು ಹೆಚ್ಚಾಗಿ ಅಲ್ಲಿಂದಲೇ.