ಅನಿರೀಕ್ಷಿತವಾಗಿ ಬಂದ ಹಣದಲ್ಲಿ ಹೊಸ ಕ್ಯಾಮೆರಾ ಕೊಳ್ಳಲೇ, ಲೆನ್ಸ್ ಕೊಳ್ಳಲೇ?

ಲೆನ್ಸ್ ಕೊಳ್ಳಿ. ನಿಮ್ಮ ಬಳಿ ಇರುವುದು ಕ್ಯಾಮೆರಾ ಜೊತೆಗೇ ಬಂದ 18-55 ಎಂಎಂ ಲೆನ್ಸ್, ಮನೆಯೊಳಗೆ ಮಕ್ಕಳ ಫೋಟೋ ತೆಗೆದರೆ ಮಸುಕಾಗುತ್ತದೆ ಎಂದಿದ್ದೀರಿ. ಹೊಸ ಕ್ಯಾಮೆರಾಕ್ಕೆ ಅದೇ ಲೆನ್ಸ್ ಹಾಕಿದರೂ ಈ ತೊಂದರೆ ಪೂರ್ತಿ ಹೋಗುವುದಿಲ್ಲ.

ಇಂಥ ಲೆನ್ಸ್‌ಗಳನ್ನು 55 ಎಂಎಂಗೆ ಝೂಮ್ ಮಾಡಿದಾಗ ಅಪರ್ಚರ್ (ಬೆಳಕು ಒಳಬರುವ ಕಿಂಡಿ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಸಾಮಾನ್ಯವಾಗಿ ಎಫ್/5.6ಕ್ಕಿಂತ ದೊಡ್ಡದಾಗಿ ತೆರೆಯುವುದಿಲ್ಲ. ಎಫ್/1.8 ಪ್ರೈಮ್ ಲೆನ್ಸ್ (ಝೂಮ್ ಇಲ್ಲದೆ ಒಂದೇ ಎಂಎಂ ಅಳತೆಯಲ್ಲಿ ಬರುವ ಲೆನ್ಸ್) ಅದರ ಹತ್ತಿರ ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಅಂದರೆ, ಐಎಸ್‌ಒ (ಕ್ಯಾಮೆರಾದ ಬೆಳಕಿನ ಸಂವೇದನೆಯ ಸಂಖ್ಯೆ) ಬದಲಿಸದೆಯೇ, ಈಗ 1/20 ಸೆಕೆಂಡ್ ಸಿಗುತ್ತಿರುವ ಕಡೆ ಸುಮಾರು 1/200 ಸೆಕೆಂಡಿನ ಶಟರ್ ವೇಗ (ಬೆಳಕಿಗೆ ಶಟರ್ ತೆರೆದಿರುವ ಸಮಯ) ಸಿಗುತ್ತದೆ. ಆಡುತ್ತಿರುವ ಮಗುವಿನ ಮುಖ ಸ್ಪಷ್ಟವಾಗಿ ಬರಲು ಈ ವ್ಯತ್ಯಾಸವೇ ಬೇಕಾದದ್ದು. ಆದರೆ ಎಫ್/1.8ರಲ್ಲಿ ಫೋಕಸ್ ಆಗುವ ಆಳ ತೀರಾ ಕಡಿಮೆ; ಕಣ್ಣಿನ ಮೇಲೆ ಫೋಕಸ್ ಮಾಡಿದರೆ ಕಿವಿ ಮಸುಕಾಗಬಹುದು, ಅಭ್ಯಾಸ ಬೇಕು.

ಪ್ರೈಮ್ ಲೆನ್ಸ್ 35 ಎಂಎಂ ಒಳ್ಳೆಯದೋ 50 ಎಂಎಂ ಒಳ್ಳೆಯದೋ ಎನ್ನುವುದಕ್ಕೆ ಉತ್ತರ ನಿಮ್ಮ ಹಳೆಯ ಫೋಟೋಗಳಲ್ಲೇ ಇದೆ. ಪ್ರತಿ ಫೈಲಿನ ವಿವರದಲ್ಲಿ ಫೋಕಲ್ ಲೆಂತ್ (ಈ ಎಂಎಂ ಸಂಖ್ಯೆ) ದಾಖಲಾಗಿರುತ್ತದೆ. ನಿಮಗೆ ಇಷ್ಟವಾದ ಐವತ್ತು ಫೋಟೋ ಆರಿಸಿ, ಯಾವ ಸಂಖ್ಯೆ ಹೆಚ್ಚು ಬಾರಿ ಬಂದಿದೆ ನೋಡಿ. ನಿಮ್ಮ ಕ್ಯಾಮೆರಾದ್ದು ಎಪಿಎಸ್-ಸಿ (ಫುಲ್ ಫ್ರೇಮ್‌ಗಿಂತ ಚಿಕ್ಕದಾದ) ಸೆನ್ಸರ್ ಆದರೆ 50 ಎಂಎಂ ಲೆನ್ಸ್ ಸುಮಾರು ಫುಲ್ ಫ್ರೇಮ್‌ನ 75 ಎಂಎಂ ಲೆನ್ಸಿನಷ್ಟೇ ಕಿರಿದಾದ ನೋಟ ಕೊಡುತ್ತದೆ, ಚಿಕ್ಕ ಕೋಣೆಯಲ್ಲಿ ಹಿಂದೆ ಸರಿಯಲು ಜಾಗ ಸಾಲದು. ಅಲ್ಲಿ 35 ಎಂಎಂ ವಾಸಿ.

ಮಿಕ್ಕ ಹಣದಲ್ಲಿ ಬ್ಯಾಕಪ್‌ಗೆಂದು ಹಾರ್ಡ್ ಡಿಸ್ಕ್ ತಪ್ಪದೆ ಕೊಳ್ಳಿ. ನನ್ನ ಮೂರು ವರ್ಷದ ಫೋಟೋಗಳೆಲ್ಲ ಒಂದೇ ಡಿಸ್ಕಿನಲ್ಲಿದ್ದವು. ಅದು ಕೆಟ್ಟು ನಿಂತ ದಿನದ ಸಂಕಟ ಇನ್ನೂ ಆರಿಲ್ಲ.