ರಬ್ಬರ್ ಬ್ಯಾಂಡ್ ಸುತ್ತಿದ ಫೋನು

ಆಫ್ರಿಕಾದಲ್ಲಿ ಡಿಜಿಟಲ್ ತಂತ್ರಜ್ಞಾನದಿಂದ ಸಾಮಾನ್ಯ ಜನರ ಬದುಕು ನಿಜವಾಗ್ಲೂ ಸುಧಾರಿಸಿದೆಯಾ ಅಂತ ಕೇಳಿದ್ದೀರಿ. ಆಫ್ರಿಕಾ ಅಂದರೆ ಐವತ್ತಕ್ಕೂ ಜಾಸ್ತಿ ದೇಶಗಳು. ನಾನು ಎರಡು ವರ್ಷ ಕೆಲಸಕ್ಕಿದ್ದದ್ದು ನೈರೋಬಿಯಲ್ಲಿ. ಹಾಗಾಗಿ ಕೀನ್ಯಾದ್ದಷ್ಟೇ ಹೇಳುತ್ತೇನೆ.

ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಹತ್ತಿರ ಇದ್ದದ್ದು ರಬ್ಬರ್ ಬ್ಯಾಂಡ್ ಸುತ್ತಿದ ಕೀಪ್ಯಾಡ್ ಫೋನು. ಸಂಬಳದ ದಿನ ತಿರುವಿನಲ್ಲಿದ್ದ ಹಸಿರು ಬಣ್ಣದ ಗೂಡಂಗಡಿಗೆ ಹೋಗುತ್ತಿದ್ದ. ಅಂಗಡಿಯಾಕೆ ನೋಟು ಎಣಿಸಿ, ಗುರುತಿನ ಚೀಟಿ ನೋಡಿ, ಪುಸ್ತಕದಲ್ಲಿ ಸಹಿ ಹಾಕಿಸಿಕೊಳ್ಳುತ್ತಿದ್ದಳು. ದುಡ್ಡು ಫೋನಿನ ಖಾತೆಗೆ ಬಿತ್ತು. ಅಲ್ಲೇ ನಿಂತು ಪಿನ್ ಒತ್ತಿ ಕಿಸುಮು ಕಡೆಯ ಹಳ್ಳಿಯಲ್ಲಿದ್ದ ಅಮ್ಮನಿಗೆ ಕಳಿಸುತ್ತಿದ್ದ. ಆಕೆ ಅಲ್ಲಿನ ಇಂಥದ್ದೇ ಅಂಗಡಿಯಲ್ಲಿ ನೋಟು ತೆಗೆದುಕೊಳ್ಳುತ್ತಿದ್ದಳು. ಇಂಟರ್ನೆಟ್ ಬೇಡ, ಬ್ಯಾಂಕ್ ಖಾತೆಯೂ ಬೇಡ. ಮುಂಚೆ ಲಕೋಟೆಯಲ್ಲಿಟ್ಟು ಬಸ್ಸಿನವರ ಕೈಗೆ ಕೊಡುತ್ತಿದ್ದರಂತೆ. ತಲುಪಿದರೆ ಪುಣ್ಯ.

ಇದೇ ಎಂ-ಪೆಸಾ. 2007ರಲ್ಲಿ ಸಫಾರಿಕಾಮ್ ಅನ್ನೋ ಅಲ್ಲಿನ ಮೊಬೈಲ್ ಕಂಪನಿ ಶುರು ಮಾಡಿದ್ದು. ಸ್ವಾಹಿಲಿಯಲ್ಲಿ ಪೆಸಾ ಅಂದರೆ ದುಡ್ಡು, ನಮ್ಮ ಪೈಸೆಯ ನೆಂಟನೇ! ನಮ್ಮ ಯುಪಿಐ ಬಂದದ್ದು 2016ರಲ್ಲಿ ಅನ್ನೋದನ್ನ ಮರೀಬೇಡಿ.

ಅದೇ 2016ರಲ್ಲಿ ತವ್ನೀತ್ ಸೂರಿ ಮತ್ತು ವಿಲಿಯಂ ಜ್ಯಾಕ್ ಎಂಬ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ದರು. ಎಂ-ಪೆಸಾದಿಂದ ಸುಮಾರು 1,94,000 ಕುಟುಂಬಗಳು, ಅಂದರೆ ಕೀನ್ಯಾದ ಕುಟುಂಬಗಳಲ್ಲಿ ನೂರಕ್ಕೆ ಎರಡು, ಬಡತನದಿಂದ ಮೇಲೆ ಬಂದಿವೆ ಅಂತ. ಹೆಂಗಸರೇ ನಡೆಸುವ ಮನೆಗಳಿಗೆ ಲಾಭ ಜಾಸ್ತಿ. ನೂರಕ್ಕೆ ಎರಡೇನಾ ಅನಿಸಬಹುದು. ಆದರೆ ದುಡ್ಡು ಕಳಿಸೋ ಒಂದು ದಾರಿಯಿಂದಷ್ಟೇ ಆದದ್ದಲ್ವಾ?

ಹೇಗೆ ಅನ್ನೋದು ನನಗೆ ಒಂದು ರಾತ್ರಿ ಅರ್ಥವಾಯಿತು. ವಾಚ್‌ಮನ್ ತಂಗಿಗೆ ಹೆರಿಗೆ ಕಷ್ಟವಾಗಿ ಆಸ್ಪತ್ರೆಗೆ ಸೇರಿಸಿದ್ದರು. ಅವನು ಗೇಟಿನ ಹತ್ತಿರ ಕೂತು ಒಬ್ಬೊಬ್ಬರಿಗೇ ಫೋನ್ ಮಾಡಿದ. ನಾನೂ 500 ಶಿಲ್ಲಿಂಗ್ ಹಾಕಿದೆ. ಅರ್ಧ ಗಂಟೆಯಲ್ಲಿ ಏಳು ಜನರ ದುಡ್ಡು ಬಂತು. ಫೋನು ಮತ್ತೆ ಮತ್ತೆ ಗುಂಯ್‌ಗುಟ್ಟುತ್ತಿತ್ತು. ಮನೆಯ ಹಸು ಮಾರೋದು ತಪ್ಪಿತು.

ಇನ್ನೊಂದು ಮುಖವೂ ಇದೆ. ದುಡ್ಡು ಬರುವ ಫೋನಿಗೇ ಸಾಲವೂ ಬರುತ್ತದೆ. ಬಡ್ಡಿ ಅನ್ನಲ್ಲ, ಸುಮ್ನೆ ‘ಶುಲ್ಕ’ ಅಂತಾರೆ. ಫುಟ್‌ಬಾಲ್ ಬೆಟ್ಟಿಂಗೂ ಅದರಲ್ಲೇ, ಒಂದು ಎಸ್ಸೆಮ್ಮೆಸ್ ಸಾಕು. ನಮ್ಮ ವಾಚ್‌ಮನ್‌ಗೆ ಆ ಚಟ ಹತ್ತಿತ್ತು. ಸೋಮವಾರ ಬೆಳಿಗ್ಗೆ ಗೇಟು ತೆಗೆಯುವಾಗ ಅವನ ಮುಖ ನೋಡಿದರೆ ಸಾಕು, ಹಿಂದಿನ ದಿನ ಇಂಗ್ಲೆಂಡಿನ ಆರ್ಸೆನಲ್ ತಂಡ ಸೋತಿದೆ ಅಂತ ಗೊತ್ತಾಗುತ್ತಿತ್ತು.