ಕಣ್ಣು ಮುಚ್ಚಿ ರಥಬೀದಿಯನ್ನು ನೆನೆದರೆ ರೆಪ್ಪೆಯೊಳಗೆ ಕಣ್ಣುಗುಡ್ಡೆ ಯಾಕೆ ಓಡಾಡುತ್ತದೆ?

ಮನಸ್ಸು ಆ ಚಿತ್ರವನ್ನು ಒಂದೇ ಸಲಕ್ಕೆ ಬಿಡಿಸುವುದಿಲ್ಲ, ತುಂಡು ತುಂಡಾಗಿ ಜೋಡಿಸುತ್ತದೆ. ಒಂದೊಂದು ತುಂಡು ಮೊದಲು ಎಲ್ಲಿ ಕಂಡಿತ್ತೋ ಆ ಕಡೆಗೇ ಕಣ್ಣು ಹೊರಳುತ್ತದೆ.

ಕಾರಣ ನಾವು ನೋಡುವ ರೀತಿಯಲ್ಲೇ ಇದೆ. ಕೈ ನೀಡಿ ಹೆಬ್ಬೆರಳು ಎತ್ತಿ ಹಿಡಿಯಿರಿ: ಹೆಚ್ಚುಕಡಿಮೆ ಆ ಉಗುರಿನಷ್ಟು ಜಾಗ ಮಾತ್ರ ನಮಗೆ ನಿಚ್ಚಳ, ಸುತ್ತಲಿನದೆಲ್ಲ ಮಸುಕು. ಹಾಗಾಗಿ ಉಡುಪಿಯ ರಥಬೀದಿಯಲ್ಲಿ ನಿಂತಾಗ ಕಣ್ಣು ಸೆಕೆಂಡಿಗೆ ಮೂರು ಸಲದಂತೆ ಜಿಗಿಯುತ್ತಲೇ ಇರುತ್ತದೆ. ತೇರಿನ ತುದಿ, ಕೆಳಗಿನ ಗಾಲಿ, ಪಕ್ಕದಲ್ಲಿ ಮಲ್ಲಿಗೆ ಚೆಂಡು ಮಾರುವವರು. ‘ಏನು’ ಎಂಬುದರ ಜೊತೆ ‘ಎಲ್ಲಿ’ ಎಂಬುದೂ ನೆನಪಿಗೆ ಅಂಟಿಕೊಳ್ಳುತ್ತದೆ. ರಾತ್ರಿ ಮನೆಯಲ್ಲಿ ಕೂತು ತೇರಿನ ತುದಿ ನೆನೆದರೆ ಕಣ್ಣು ಮೇಲಕ್ಕೇ ಹೋಗುತ್ತದೆ.

ನೋಡುವಾಗಿನ ಕಣ್ಣಿನ ಹಾದಿಗೂ ಕಲ್ಪಿಸಿಕೊಳ್ಳುವಾಗಿನ ಹಾದಿಗೂ ಹೋಲಿಕೆ ಇದೆ ಎಂದು 1997ರಲ್ಲಿ ಬ್ರಾಂಟ್ ಮತ್ತು ಸ್ಟಾರ್ಕ್ ಎಂಬ ಸಂಶೋಧಕರು ತೋರಿಸಿದರು. ನನಗೆ ಇನ್ನೂ ಮುಖ್ಯ ಅನಿಸುವುದು 2002ರ ಲೆಂಗ್ ಮತ್ತು ಟಿಯೊಡೊರೆಸ್ಕು ಪ್ರಯೋಗ. ಚಿತ್ರದ ಮೇಲೆ ಕಣ್ಣಾಡಿಸಿ ನೋಡಿದವರಿಗೆ, ಅದನ್ನು ನೆನೆಯುವಾಗ ಮಾತ್ರ ಕಣ್ಣು ಕದಲಿಸಬೇಡಿ ಎಂದಾಗ ನೆನಪೇ ಕುಗ್ಗಿತು. ಕಣ್ಣಿನ ಓಡಾಟ ನೆನಪಿಗೆ ನಿಜವಾಗಿಯೂ ಕೈಜೋಡಿಸುತ್ತದೆ.

ಕಣ್ಣು ಬಲಕ್ಕೆ ಹೊರಳಿದರೆ ಸುಳ್ಳು ಹೇಳುತ್ತಿದ್ದಾರೆ ಎನ್ನುವ ಮಾತಿಗೆ ಮಾತ್ರ ಆಧಾರವಿಲ್ಲ, ದಯವಿಟ್ಟು ಅದನ್ನು ನಂಬಬೇಡಿ.